ರೆಫರಿಯ ನಾಲ್ಕನೆಯ ತುಣುಕು

ಎಲ್ಲಿಂದ ಶುರು ಮಾಡಲಿ ಎಂದು ಓದುಗರನ್ನೇ ಕೇಳುವುದು ಇಂಥ ಕಥೆಗಳ ಹಳೇ ಚಾಳಿ. ನನ್ನ ತೊಂದರೆ ಬೇರೆ. ಈ ಕಥೆಯನ್ನು ಎಲ್ಲಿಂದ ಶುರು ಮಾಡಿದರೂ ಒಬ್ಬ ಮನುಷ್ಯನ ಗುದದ್ವಾರದ ಆಸುಪಾಸಿನಲ್ಲೇ ಶುರುವಾಗುತ್ತದೆ. ಮರ್ಯಾದಸ್ಥರು ಇಲ್ಲೇ ಪುಟ ಮಗುಚಬಹುದು. ಮುಂದಿನ ಪುಟದಲ್ಲಿ ಯಾರಾದರೂ ಬೆಳದಿಂಗಳ ಮೇಲೆ ಪದ್ಯ ಬರೆದಿರುತ್ತಾರೆ.

ಉಳಿದುಕೊಂಡವರಿಗೆ ನಮಸ್ಕಾರ. ನಿಮ್ಮ ಅಭಿರುಚಿಯ ಬಗ್ಗೆ ನನಗೆ ಅನುಮಾನವಿದೆ.

೧

ಮೊದಲ ಕರಡು: "ಪುಟ್ಟ ಡಬ್ಬಿಯೊಳಗಿನ ಫಾರ್ಮಲಿನ್ನಿನಲ್ಲಿ ಅಕ್ಕಿ ನುಚ್ಚಿನಷ್ಟು ಗಾತ್ರದ ಮಾಂಸದ ತುಣುಕುಗಳು ಮುತ್ತುಗಳಂತೆ ತೇಲುತ್ತಿದ್ದವು."

ಹರಿದು ಹಾಕಿದೆ. ಅವು ತೇಲುವುದಿಲ್ಲ, ತಳ ಸೇರುತ್ತವೆ. ಮುತ್ತಂತೆ, ಮುತ್ತು! ಆ ಡಬ್ಬಿಯ ಮುಚ್ಚಳ ತೆರೆದು ಒಂದು ಸಲ ಮೂಸಿ ನೋಡಿದವರು ಯಾರೂ ಹೀಗೆ ಬರೆಯುವುದಿಲ್ಲ.

ಎರಡನೆಯ ಕರಡಿನಲ್ಲಿ ರೋಗಿಯ ಹೆಂಡತಿ ಆಸ್ಪತ್ರೆಯ ಕಂಬಕ್ಕೆ ಒರಗಿ ಅಳುತ್ತಾಳೆ. ನಾಲ್ಕು ಪುಟ ಅತ್ತಳು, ಚೆನ್ನಾಗಿಯೇ ಅತ್ತಳು. ಆಮೇಲೆ ನೆನಪಾಯಿತು: ಆಕೆ ಹನ್ನೆರಡು ವರ್ಷದ ಹಿಂದೆಯೇ ಒಬ್ಬ ಲೈನ್ಸ್‌ಮನ್ ಜೊತೆ ಹೋಗಿದ್ದಾಳೆ. ವಾಪಸ್ ಕರೆಸಿ ಅಳಿಸುವಷ್ಟು ಪ್ರಭಾವ ನನಗಿಲ್ಲ.

೨

ಊರಿನ ಹೆಸರು ಬೇಡ. ಉರುಗ್ವೆ ನದಿಯ ದಂಡೆ. ಆಚೆ ದಡದಲ್ಲಿ ಅರ್ಜೆಂಟೀನಾದವರು, ಈಚೆ ದಡದಲ್ಲಿ ನಾವು. ಆಸ್ಪತ್ರೆಯ ಹೆಸರಂತೂ ಬೇಡವೇ ಬೇಡ, ನಾನಿನ್ನೂ ಅಲ್ಲೇ ಕೆಲಸದಲ್ಲಿದ್ದೇನೆ.

ನಮ್ಮ ಪ್ಯಾಥಾಲಜಿ ಲ್ಯಾಬಿನಲ್ಲಿ ಇರುವುದು ಮೂರೇ ಜನ. ಡಾಕ್ಟರಮ್ಮ, ಅಂದರೆ ಡಾಕ್ಟರ್ ಇರಿಗೋಯೆನ್, ಅರವತ್ತು ದಾಟಿದವರು. ಟೆಕ್ನಿಷಿಯನ್ ನೀಬಿಯಕ್ಕ. ಮತ್ತೆ ನಾನು, ಮೈಕೋಲ್, ಟೈಪಿಸ್ಟ್. ಡಬ್ಬಿ ಬಂದಾಗ ಡಾಕ್ಟರಮ್ಮ ಒಳಗಿನ ತುಣುಕುಗಳನ್ನು ಎಣಿಸಿ, ಅಳೆದು, ಕಂಡದ್ದನ್ನು ರೆಕಾರ್ಡರಿಗೆ ಹೇಳುತ್ತಾರೆ. ತುಣುಕುಗಳನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುತ್ತಾರೆ. ನೀಬಿಯಕ್ಕ ಆ ಬ್ಲಾಕನ್ನು ಕೂದಲೆಳೆಗಿಂತ ತೆಳ್ಳಗೆ ಹೆರೆಯುತ್ತಾಳೆ. ಹೆರೆದ ಪೊರೆಯನ್ನು ಬೆಚ್ಚನೆ ನೀರಿನ ಮೇಲೆ ಬಿಟ್ಟರೆ ಹಾಲಿನ ಕೆನೆಯ ಹಾಗೆ ಸುಕ್ಕು ಬಿಚ್ಚಿಕೊಂಡು ಹರಡುತ್ತದೆ. ಅದನ್ನು ಗಾಜಿನ ಸ್ಲೈಡಿನಲ್ಲಿ ಎತ್ತಿಕೊಂಡು ಬಣ್ಣ ಹಾಕುತ್ತಾಳೆ. ಡಾಕ್ಟರಮ್ಮ ಮೈಕ್ರೋಸ್ಕೋಪಿನಲ್ಲಿ ನೋಡಿ ಮತ್ತೆ ರೆಕಾರ್ಡರಿಗೆ ಹೇಳುತ್ತಾರೆ. ನಾನು ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡುತ್ತೇನೆ. ಯಾರದೋ ಬದುಕು ತಲೆಕೆಳಗಾಗುತ್ತದೆ. ನಾನು ಊಟಕ್ಕೆ ಹೋಗುತ್ತೇನೆ.

(ಇಷ್ಟು ವಿವರ ಸಾಕು. ಇದಕ್ಕಿಂತ ಹೆಚ್ಚು ಬೇಕಾದವರು ಕೋರ್ಸಿಗೆ ಸೇರಬಹುದು. ನಾನು ಸೇರಿ ಅರ್ಧಕ್ಕೇ ಬಿಟ್ಟವನು. ರಾಜಧಾನಿಯ ಹಾಸ್ಟೆಲಿನ ಲೈಬ್ರರಿಯಲ್ಲಿ ಪಠ್ಯ ಬಿಟ್ಟು ಮಿಕ್ಕದ್ದೆಲ್ಲ ಓದಿದೆ.)

೩

ಈಗ ರೋಗಿ. ವಿಲ್ಮಾರ್ ಬೆಂತಾಂಕುರ್, ಐವತ್ತೆಂಟು ವರ್ಷ, ನಮ್ಮ ಜಿಲ್ಲಾ ಲೀಗಿನ ಫುಟ್ಬಾಲ್ ರೆಫರಿ. ಸೀಟಿಯನ್ನು ಎಲ್ಲಿ ತುರುಕಿಕೊಳ್ಳಬೇಕು ಎಂದು ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಇಡೀ ಸ್ಟ್ಯಾಂಡು ಅವನಿಗೆ ಸಲಹೆ ಕೊಡುತ್ತ ಬಂದಿದೆ. ಕೊನೆಗೆ ಕಾಯಿಲೆ ಬಂದದ್ದು ಅದೇ ಜಾಗಕ್ಕೆ. ನಾನು ಇದನ್ನು ಹುಟ್ಟಿಸಿ ಬರೆದಿದ್ದರೆ ಯಾವ ಸಂಪಾದಕನೂ ಒಪ್ಪುತ್ತಿರಲಿಲ್ಲ.

ರಕ್ತ ಹೋಗುತ್ತಿತ್ತು. ಕ್ಯಾಮೆರಾ ಹಾಕಿ ನೋಡಿದರು. ಗುದನಾಳದ ತುದಿಯಲ್ಲಿ ಒಂದು ಕೆಂಪು ಹುಣ್ಣು ಕಂಡಿತು. ಚಿವುಟಿ ತೆಗೆದು ನಮಗೆ ಕಳಿಸಿದರು. ನಮ್ಮ ಉತ್ತರದ ಮೇಲೆ ಎರಡು ದಾರಿ. ಹುಣ್ಣು ಬರೀ ಉರಿಯೂತವಾದರೆ ಒಂದು ತಿಂಗಳ ಔಷಧಿ. ಕ್ಯಾನ್ಸರ್ ಆದರೆ ರಾಜಧಾನಿಗೆ ಹೋಗಿ ವಿಕಿರಣ ಚಿಕಿತ್ಸೆ, ಆಮೇಲೆ ಆಪರೇಷನ್. ಹುಣ್ಣು ಅಷ್ಟು ಕೆಳಗಿರುವುದರಿಂದ ಹಿಂದಿನ ದಾರಿ ಹೊಲಿದು ಮುಚ್ಚಿ, ಮಲ ತುಂಬಲು ಹೊಟ್ಟೆಗೆ ಚೀಲ, ಸಾಯುವ ತನಕ.

ಸೋಮವಾರದ ರೆಕಾರ್ಡಿಂಗಿನಲ್ಲಿ ಡಾಕ್ಟರಮ್ಮ ಹೇಳಿದ್ದು: "ಡಬ್ಬಿಯಲ್ಲಿ ಮೂರು ತುಣುಕು."

ಗುರುವಾರದ ರೆಕಾರ್ಡಿಂಗಿನಲ್ಲಿ, ಸ್ಲೈಡ್ ನೋಡಿ: "ನಾಲ್ಕು ತುಣುಕು. ಮೂರರಲ್ಲಿ ಉರಿಯೂತ ಮಾತ್ರ. ನಾಲ್ಕನೆಯದರಲ್ಲಿ ಕ್ಯಾನ್ಸರ್, ಒಳಕ್ಕೆ ಹಬ್ಬುವ ಬಗೆಯದು."

ನಡುವೆ ಮೂರು ದಿನ, ಐವತ್ತು ಡಬ್ಬಿ. ಎರಡು ಮಾತುಗಳೂ ಎದುರುಬದುರು ಕೂತದ್ದು ಒಂದೇ ಕಡೆ, ನನ್ನ ಹಾಳೆಯ ಮೇಲೆ. ಮೇಲೆ ಮೂರು, ಕೆಳಗೆ ನಾಲ್ಕು. ನಾನು ಏನು ಮಾಡಿದೆ ಎಂದುಕೊಂಡಿರಿ? ಒಳಕ್ಕೆ ಎದ್ದುಹೋಗಿ ಕೇಳಿದೆನೆ? ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆನೆ?

ಮೇಲಿನ ಮೂರನ್ನು ಅಳಿಸಿ ನಾಲ್ಕು ಮಾಡಿದೆ. ಒಂದೇ ಪುಟದಲ್ಲಿ ಎರಡು ಲೆಕ್ಕ ಇದ್ದರೆ ಬರವಣಿಗೆ ಕೆಟ್ಟದಾಗಿ ಕಾಣುತ್ತದೆ. ಲೈಬ್ರರಿ ಕಲಿಸಿದ್ದು ಅದನ್ನೇ: ಬರಹದಲ್ಲಿ ಹೊಂದಾಣಿಕೆ ಇರಬೇಕು.

ಡಾಕ್ಟರಮ್ಮ ಕೊನೆಯ ಸಾಲು ಓದಿ ಸಹಿ ಹಾಕಿದರು. ಶುಕ್ರವಾರ ವಿಲ್ಮಾರ್ ಕಿಟಕಿಯ ಬಳಿ ಬಂದು ಲಕೋಟೆ ಒಯ್ದ.

೪

ಎಲ್ಲ ಬಯಲಾದ ಮೇಲೆ ಬರೆದ ಮೂರನೆಯ ಕರಡಿನಲ್ಲಿ ತಪ್ಪೆಲ್ಲ ನೀಬಿಯಕ್ಕನದು. ಡಬ್ಬಿ ಬರುವ ಮುಂಚಿನ ಭಾನುವಾರ ಅವಳ ತಂಗಿಯ ಮಗ ಗೋಲ್‌ಕೀಪರ್ ಆಗಿದ್ದ ತಂಡದ ವಿರುದ್ಧ ವಿಲ್ಮಾರ್ ಕೊನೇ ನಿಮಿಷದಲ್ಲಿ ಪೆನಾಲ್ಟಿ ಕೊಟ್ಟಿದ್ದ. ಅವಳು ಸೇಡು ತೀರಿಸಿಕೊಳ್ಳಲು ಬೇರೆಯವರ ತುಣುಕನ್ನು ಅವನ ಸ್ಲೈಡಿಗೆ ಸೇರಿಸುತ್ತಾಳೆ. ಕಣ್ಣಲ್ಲಿ ಕ್ರೌರ್ಯ, ಕೈಯಲ್ಲಿ ಚಿಮಟ. ಬಹಳ ಇಷ್ಟಪಟ್ಟು ಬರೆದೆ. ಕರಡನ್ನು ಪ್ರಿಂಟರಿನ ಮೇಲೆ ಮರೆತುಹೋದದ್ದು ನನ್ನ ದಡ್ಡತನ.

"ಲೇ ಮೈಕೋಲ್, ಏನೋ ಇದು?" ಹಾಳೆ ಬೀಸುತ್ತ ಬಂದಳು ನೀಬಿಯಕ್ಕ. "ನಾನು ಕೊಲೆಗಾರ್ತಿ ಏನೋ?"

"ಕಥೆ ಅಕ್ಕ. ಕಲ್ಪನೆ."

"ಕಲ್ಪನೆ ಅಂದ್ಮೇಲೆ ನನ್ನ ಹೆಸರು ಯಾಕೋ ಹಾಗೇ ಇಟ್ಟೆ? ನನ್ನ ಮೀಸೇನೂ ಬರ್ದಿದೀಯ!"

"ಅದು ವಾಸ್ತವಿಕತೆ."

"ಥೂ ನಿನ್ನ ವಾಸ್ತವಿಕತೆಗೆ ಬೆಂಕಿ ಬೀಳ. ಆ ಪೆನಾಲ್ಟಿ ಕೊಟ್ಟಿದ್ದಕ್ಕೆ ಅವನ ಕಾರಿನ ಮೇಲೆ ಉಗಿದು ಬಂದಿದೀನಿ, ಒಪ್ಕೋತೀನಿ. ಅದು ಬೇರೆ ಲೆಕ್ಕ. ಬ್ಲೇಡಿನ ಮುಂದೆ ಕೂತಾಗ ನಂಗೆ ಹೆಸರು ಕಾಣಲ್ಲ ಕಣೋ, ನಂಬರ್ ಅಷ್ಟೇ ಕಾಣೋದು."

ಸೇಡಿನ ಕಥೆ ಅಲ್ಲಿಗೆ ಸತ್ತಿತು. ಓದುಗರಿಗೆ ನಷ್ಟವಾಗಿದೆ, ಗೊತ್ತು. ಸಿನಿಮಾ ಆಗುತ್ತಿತ್ತು.

೫

ಮುಂದಿನ ಬುಧವಾರ ಬೆಳಿಗ್ಗೆ ವಿಲ್ಮಾರ್ ಮತ್ತೆ ಕಿಟಕಿಗೆ ಬಂದ. ಇಷ್ಟರಲ್ಲಿ ಅವನು ಲೀಗಿಗೆ ರಾಜೀನಾಮೆ ಕೊಟ್ಟಾಗಿತ್ತು. ಭಾನುವಾರದ ಪಂದ್ಯಕ್ಕೆ ಮುಂಚೆ ಅವನನ್ನು ಮೈದಾನದ ಮಧ್ಯೆ ನಿಲ್ಲಿಸಿ ಹೂಗುಚ್ಛ ಕೊಟ್ಟಿದ್ದರು; ಎರಡೂ ಕಡೆಯ ಸ್ಟ್ಯಾಂಡು ಎದ್ದುನಿಂತು ಚಪ್ಪಾಳೆ ಹೊಡೆದಿತ್ತು. ಮೂವತ್ತು ವರ್ಷದಲ್ಲಿ ಮೊದಲ ಚಪ್ಪಾಳೆ. ಚಪ್ಪಾಳೆ ಗಿಟ್ಟಲು ಏನು ಬರಬೇಕಾಯಿತು ನೋಡಿ. ರಾಜಧಾನಿಯ ಬಸ್ಸು ಶುಕ್ರವಾರಕ್ಕಿತ್ತು.

"ಇದನ್ನ ಟೈಪ್ ಮಾಡಿದ್ದು ನೀನೇ ಏನೋ?" ರಿಪೋರ್ಟನ್ನು ಗಾಜಿಗೆ ಒತ್ತಿ ಹಿಡಿದ.

"ಟೈಪ್ ಮಾತ್ರ ನಂದು, ದೊನ್ ವಿಲ್ಮಾರ್. ಮಾತು ಡಾಕ್ಟರಮ್ಮಂದು."

"ಕಾಯಿಲೆ ಬಗ್ಗೆ ಕೇಳ್ತಿಲ್ಲ ನಾನು. ಲೆಕ್ಕ ಕೇಳ್ತಿದೀನಿ. ಕ್ಯಾಮೆರಾ ಹಾಕಿದ್ಲಲ್ಲ ಆ ಚಿಕ್ಕ ಡಾಕ್ಟರು, ಚಿವುಟುವಾಗ ಬಾಯಿಬಿಟ್ಟು ಎಣಿಸಿದ್ಲು. ಒಂದು, ಎರಡು, ಮೂರು, ಆಯ್ತು ಅಂದ್ಲು. ನಾನು ಗೋಡೆ ಕಡೆ ಮುಖ ಮಾಡ್ಕೊಂಡು ಮಗ್ಗುಲಾಗಿ ಬಿದ್ದಿದ್ದೆ, ಎಚ್ಚರ ಚೆನ್ನಾಗೇ ಇತ್ತು. ಆ ಭಂಗೀಲಿ ಮನುಷ್ಯ ಇನ್ನೇನು ಮಾಡ್ತಾನೆ, ಎಣಿಸೋದು ಬಿಟ್ಟು?"

"ಒಂದೊಂದ್ಸಲ ತುಣುಕು ಒಡೆದು ಎರಡಾಗುತ್ತೆ..."

"ಆಗ್ಲಿ. ಆದ್ರೆ ಇಲ್ಲಿ ಓದು. 'ಡಬ್ಬಿಯಲ್ಲಿ ನಾಲ್ಕು ತುಣುಕು.' ಅವಳು ಹಾಕಿದ್ದು ಮೂರು, ನಿಮಗೆ ಬಂದಿದ್ದು ನಾಲ್ಕು. ಡಬ್ಬಿ ತಂದವನು ನಾನು, ಎರಡನೇ ಮಹಡಿಯಿಂದ ಕೆಳಗಿನ ಮಹಡಿಗೆ. ದಾರೀಲಿ ನಾನೇನು ಮರಿ ಹಾಕಿಸಿದ್ನಾ?"

ಗಾಜಿನ ಈಚೆಯಿಂದ ನಾನು ಆ ಸಾಲನ್ನು ಮತ್ತೊಮ್ಮೆ ಓದಿದೆ.

"ಮೂವತ್ತು ವರ್ಷ ತಲೆ ಎಣಿಸಿದೀನಿ ಕಣೋ. ಹನ್ನೊಂದು ಜನ ಇರೋ ಕಡೆ ಹನ್ನೆರಡು ಕಂಡ್ರೆ ಆಟ ನಿಲ್ಲಿಸ್ತೀನಿ. ಆ ಹನ್ನೆರಡನೇವನು ಗೋಲ್ ಹೊಡೆದಿದ್ರಂತೂ ಅದು ಗೋಲೇ ಅಲ್ಲ. ಮೂರು ಚೂರಲ್ಲಿ ಏನಿಲ್ವಂತೆ, ಎಲ್ಲಿಂದ್ಲೋ ಬಂದ ನಾಲ್ಕನೇದ್ರಲ್ಲಿ ಎಲ್ಲ ಇದೆಯಂತೆ. ನೀನಾಗಿದ್ರೆ ಸೀಟಿ ಊದ್ತಿರ್ಲಿಲ್ವಾ?"

ನನ್ನ ಪಾತ್ರ ನನಗಿಂತ ಒಳ್ಳೆಯ ಓದುಗನಾಗಿದ್ದರೆ ನಾನೇನು ಮಾಡಲಿ? ಕಚೇರಿಯಲ್ಲಿ ಕೂತವನು ಹೇಳುವ ಮಾತನ್ನೇ ಹೇಳಿದೆ. "ವಿಚಾರಿಸ್ತೀನಿ, ನಾಳೆ ಬನ್ನಿ."

"ನಾಳಿದ್ದು ಬಸ್ಸು," ಅಂದ. ಹೋಗಲಿಲ್ಲ. ಬೆಂಚಿನ ಮೇಲೆ ಕೂತ.

೬

ನೀಬಿಯಕ್ಕ ಕಂಕುಳಲ್ಲಿ ಥರ್ಮಾಸ್ ಅವುಚಿಕೊಂಡು ಸೋರೆಬುರುಡೆಯಿಂದ ಮಾಟೆ ಸೊಪ್ಪಿನ ಬಿಸಿ ಕಷಾಯ ಹೀರುತ್ತಿದ್ದಳು. ಲ್ಯಾಬಿನೊಳಗೆ ಮಾಟೆ ಕುಡಿಯಬಾರದು ಎಂಬ ಬೋರ್ಡು ಅವಳ ಬೆನ್ನ ಹಿಂದೆಯೇ ಇತ್ತು, ಥರ್ಮಾಸಿನ ಹಬೆಗೆ ಒಂದು ಮೂಲೆ ಸುರುಳಿ ಸುತ್ತಿಕೊಂಡಿತ್ತು.

"ಅಕ್ಕ, ಹೋದ ಬುಧವಾರ ರೆಫರಿದು ಕತ್ತರಿಸೋ ಮುಂಚೆ ನೀರು ಬದಲಾಯಿಸಿದ್ರಾ?"

ಪೊರೆ ಹರಡುವ ಆ ಬೆಚ್ಚನೆ ನೀರಿನಲ್ಲಿ ಒಬ್ಬರದು ಮುಗಿದ ಮೇಲೆ ಚೂರುಪಾರು ಉಳಿದುಕೊಂಡರೆ ಮುಂದಿನವರ ಸ್ಲೈಡಿಗೆ ಹತ್ತಿಬಿಡುತ್ತದೆ. ಅದಕ್ಕೇ ಪ್ರತಿ ಬ್ಲಾಕಿನ ನಡುವೆ ಕಾಗದದಿಂದ ನೀರಿನ ಮೇಲ್ಮೈ ಒರೆಸಬೇಕು, ಆಗಾಗ ನೀರನ್ನೇ ಚೆಲ್ಲಿ ಹೊಸದು ಹಾಕಬೇಕು. ಆದರೆ ನಮ್ಮ ನೀರಿನ ತೊಟ್ಟಿಯ ಹೀಟರ್ ಕೆಟ್ಟು ಎಂಟು ತಿಂಗಳು. ಅರ್ಜಿ ಹಾಕಿದ್ದೇವೆ. ಅರ್ಜಿ ಬೆಚ್ಚಗಿದೆ, ತೊಟ್ಟಿ ತಣ್ಣಗಿದೆ. ಹಾಗಾಗಿ ನೀಬಿಯಕ್ಕ ತನ್ನ ಮಾಟೆಯ ಥರ್ಮಾಸಿನಿಂದಲೇ ಒಂದಿಷ್ಟು ಬಗ್ಗಿಸಿ ತೊಟ್ಟಿಯನ್ನು ಹದಕ್ಕೆ ತರುತ್ತಾಳೆ.

"ಒರೆಸಿದೆ," ಅಂದಳು.

"ಬದಲಾಯಿಸಿದ್ರಾ ಅಂತ ಕೇಳಿದ್ದು."

"ಬದಲಾಯಿಸಿದ್ರೆ ಪೂರ್ತಿ ಥರ್ಮಾಸ್ ಖಾಲಿ ಕಣೋ. ಆಮೇಲೆ ಹನ್ನೊಂದರ ತನಕ ಮಾಟೆ ಇಲ್ಲ. ಮಾಟೆ ಇಲ್ದೆ ಬ್ಲೇಡ್ ಹಿಡಿದ್ರೆ ನಾಲ್ಕಲ್ಲ, ನಲವತ್ತು ತುಣುಕು ಮಾಡ್ತೀನಿ ನಾನು." ಆಮೇಲೆ ದನಿ ಇಳಿಯಿತು. "ಒರೆಸಿದ್ನಾ? ಮೂಲೇಲಿ ಸರಿಯಾಗಿ ಒರೆಸಿರ್ಲಿಕ್ಕಿಲ್ಲ. ಯಾಕೋ ಹೀಗೆ ನೋಡ್ತೀಯ?"

"ಅವನದಕ್ಕೆ ಮುಂಚೆ ಯಾರದಿತ್ತು?"

ಅವಳು ರಿಜಿಸ್ಟರಿನ ಮೇಲೆ ಬೆರಳಾಡಿಸಿದಳು. ಒಳನಾಡಿನ ದನದ ಫಾರಮ್ಮೊಂದರ ಅಡುಗೆಯವಳದು. ಆಪರೇಷನ್ ಮಾಡಿ ತೆಗೆದ ಕರುಳು, ಮುಷ್ಟಿ ಗಾತ್ರದ ಕ್ಯಾನ್ಸರ್ ಗಡ್ಡೆ. ಆಕೆಗೆ ತನ್ನ ಕಾಯಿಲೆ ಆಗಲೇ ಗೊತ್ತು.

ಬೆರಳು ಅಲ್ಲೇ ನಿಂತಿತು. ಬುರುಡೆಯನ್ನು ಮೇಜಿನ ಮೇಲಿಟ್ಟಳು. ನೀಬಿಯಕ್ಕ ಮಾಟೆಯನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಡಿ," ಅಂದಳು. "ಹೇಳಿಬಿಡೋಣ. ನಾನು ನಂದು ಹೇಳ್ತೀನಿ. ನಿಂದೇನಾದ್ರೂ ಇದೆಯಾ?"

೭

ಈ ಭಾಗ ಬಿಟ್ಟುಬಿಡೋಣ. ನೇರವಾಗಿ ಎಂಟಕ್ಕೆ ಹೋದರೆ ಕಥೆಗೆ ವೇಗ ಬರುತ್ತದೆ.

("ಎಲ್ಲಿಗೋ ಹೊರಟೆ?" ನೀಬಿಯಕ್ಕ ನನ್ನ ಅಂಗಿಯ ಕಾಲರ್ ಹಿಡಿದಳು. ಇದು ಅಲಂಕಾರವಲ್ಲ, ನಿಜವಾಗಿ ಹಿಡಿದಳು.)

ಸರಿ. ಏಳು.

ಡಾಕ್ಟರಮ್ಮ ಸ್ಲೈಡನ್ನು ಮತ್ತೆ ಮೈಕ್ರೋಸ್ಕೋಪಿಗೆ ಹಾಕಿ ಫೋಕಸ್ಸಿನ ತಿರುಪನ್ನು ಹಿಂದೆ ಮುಂದೆ ತಿರುಗಿಸಿದರು. "ಮೂರು ಸ್ಪಷ್ಟ ಆದಾಗ ಇದು ಮಬ್ಬು. ಇದು ಸ್ಪಷ್ಟ ಆದಾಗ ಆ ಮೂರೂ ಮಬ್ಬು. ಮೇಲೆ ಕೂತಿದೆ ಇದು, ಜೊತೇಲಿಲ್ಲ. ನಾನೇ ನೋಡಬೇಕಿತ್ತು." ಕಣ್ಣು ಎತ್ತಿದರು. "ಆದ್ರೆ ಡಬ್ಬಿಯಲ್ಲೇ ನಾಲ್ಕಿತ್ತಲ್ಲ? ರಿಪೋರ್ಟಲ್ಲಿದೆ. ಹಾಗಾದ್ರೆ ಇದು ಅವನದೇ."

ಈಗ ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಬಸ್ಸು ಹೊರಡುತ್ತಿತ್ತು, ಚೀಲ ಬರುತ್ತಿತ್ತು, ನನ್ನ ಬರಹ ನಿರ್ದೋಷವಾಗಿ ಉಳಿಯುತ್ತಿತ್ತು.

"ನೀವು ಹೇಳಿದ್ದು ಮೂರು," ಅಂದೆ. "ನಾನು ನಾಲ್ಕು ಮಾಡಿದೆ."

"ಯಾಕೆ?"

"ಕೆಳಗೆ ನಾಲ್ಕು ಅಂತಿತ್ತು. ಹೊಂದಿಕೆ ಆಗ್ಲಿ ಅಂತ."

ಅವರು ಬೈಯಲಿಲ್ಲ. ರೆಕಾರ್ಡರ್ ತೆಗೆದು ಸೋಮವಾರದ ದನಿಯನ್ನು ಹಾಕಿ ಕೇಳಿದರು. ಮೂರು ತುಣುಕು. ಇನ್ನೊಮ್ಮೆ ಹಾಕಿದರು. ಮೂರು ತುಣುಕು.

"ಮೈಕೋಲ್, ಈ ಆಸ್ಪತ್ರೇಲಿ ಎರಡು ಲೆಕ್ಕ ಒಂದೇ ಹಾಳೇಲಿ ಕಾಣೋದು ನಿನಗೊಬ್ಬನಿಗೇ. ಅದಕ್ಕೇ ನಿನ್ನ ಕೂರಿಸಿರೋದು. ಚೆನ್ನಾಗಿ ಬರೆಯೋರು ಬೇಕಿದ್ರೆ ಬೇರೆ ಯಾರನ್ನಾದ್ರೂ ಇಟ್ಕೋತಿದ್ದೆ." (ಇದು ಎರಡು ಸಲ ಚುಚ್ಚಿತು, ಟೈಪಿಸ್ಟನಿಗೊಮ್ಮೆ, ಕಥೆಗಾರನಿಗೊಮ್ಮೆ. ಯಾವುದು ಮೊದಲು ಎಂದು ಹೇಳಲಾರೆ.)

ನೀಬಿಯಕ್ಕ ಹೊಸ ನೀರಿನಲ್ಲಿ, ಡಾಕ್ಟರಮ್ಮನ ಕಣ್ಣೆದುರೇ, ವಿಲ್ಮಾರನ ಬ್ಲಾಕನ್ನು ಇನ್ನೂ ಆಳಕ್ಕೆ ಕತ್ತರಿಸಿದಳು. ಬಂದದ್ದು ಮೂರೇ ತುಣುಕು. ಮೂರರಲ್ಲೂ ಉರಿಯೂತ.

೮

ಇಲ್ಲಿಗೆ ಮುಗಿಸಿದರೆ ಎಲ್ಲರಿಗೂ ಸಂತೋಷ. ಬೆಂಚಿನ ಮೇಲಿನ ಮನುಷ್ಯ ಎದ್ದು ಕುಣಿಯುತ್ತಾನೆ, ಆಸ್ಪತ್ರೆ ಹೀಟರ್ ಕೊಡಿಸುತ್ತದೆ, ನಾನು ತಿದ್ದುವುದನ್ನು ಬಿಟ್ಟು ಸಂತನಾಗುತ್ತೇನೆ.

ಆದರೆ ಡಾಕ್ಟರಮ್ಮ ಅವನನ್ನು ಒಳಗೆ ಕರೆದು ನಡೆದದ್ದೆಲ್ಲ ಹೇಳಿ ಕೊನೆಗೆ ಅಂದದ್ದು ಹೀಗೆ: "ಈ ನಾಲ್ಕನೇ ತುಣುಕು ನಿಮ್ಮದಲ್ಲ ಅಂತ ನನ್ನ ಅಂದಾಜು. ಅಂದಾಜಿನ ಮೇಲೆ ನಿಮ್ಮನ್ನ ಮನೆಗೆ ಕಳಿಸಲ್ಲ, ಬಸ್ಸಿಗೂ ಹತ್ತಿಸಲ್ಲ. ಆ ಹುಣ್ಣು ಇನ್ನೂ ಅಲ್ಲೇ ಇದೆ. ಚಿವುಟಿದ ಜಾಗದ ಪಕ್ಕದಲ್ಲೇ ಏನಿದೆಯೋ ಗೊತ್ತಿಲ್ಲ. ಇನ್ನೊಂದ್ಸಲ ತೆಗೀಬೇಕು, ಈ ಸಲ ಜಾಸ್ತಿ."

ವಿಲ್ಮಾರ್ ಕುಣಿಯಲಿಲ್ಲ.

"ಅಂದ್ರೆ ಮತ್ತೆ ಗೋಡೆ ಕಡೆ ಮುಖ."

"ಹೌದು."

"ಆರು ದಿನ ಸತ್ತಿದ್ದೆ ನಾನು," ಅಂದ. "ಮಗಳಿಗೆ ಫೋನ್ ಮಾಡಿ ಅತ್ತಿದೀನಿ. ಚಪ್ಪಾಳೆ ಹೊಡೆಸ್ಕೊಂಡಿದೀನಿ. ಅದನ್ನೆಲ್ಲ ಯಾರಿಗೆ ವಾಪಸ್ ಕೊಡ್ಲಿ?" ನೀಬಿಯಕ್ಕನ ಕಡೆ ತಿರುಗಿದ. "ನೀನು ಆ ಗೋಲ್‌ಕೀಪರ್ ಹುಡುಗನ ದೊಡ್ಡಮ್ಮ ಅಲ್ವಾ? ನನ್ನ ಕಾರಿಗೆ ಉಗಿದಿದ್ದು ನೀನೇ ತಾನೆ?"

"ನಾನೇ. ಅದಕ್ಕೆ ಕ್ಷಮೆ ಕೇಳಲ್ಲ. ನೀರಿಗೆ ಕೇಳ್ತೀನಿ."

"ಪೆನಾಲ್ಟಿ ಸರಿಯಾಗೇ ಇತ್ತು."

"ಇರ್ಲಿಲ್ಲ."

"ಇತ್ತು ಕಣಮ್ಮ."

ಡಾಕ್ಟರಮ್ಮ ಮೇಜು ಕುಟ್ಟಿದರು.

೯

ನಾನು ಅವನಿಗೆ ಮೂರು ಅಂತ್ಯ ಬರೆದು ತೋರಿಸಿದೆ. ಎರಡನೇ ಸಲ ತೆಗೆಸಿಕೊಂಡು ಬಂದು, ರಿಪೋರ್ಟಿಗಾಗಿ ಕಾಯುತ್ತ ಅದೇ ಬೆಂಚಿನ ಮೇಲೆ ಕೂತಿದ್ದ, ಗಾಳಿ ತುಂಬಿದ ರಬ್ಬರ್ ರಿಂಗಿನ ಮೇಲೆ.

ಅಂತ್ಯ ಒಂದು: ಏನೂ ಇಲ್ಲ. ಅವನು ಮೈದಾನಕ್ಕೆ ಮರಳುತ್ತಾನೆ, ಸ್ಟ್ಯಾಂಡು ಮತ್ತೆ ಬೈಯುತ್ತದೆ, ಅವನಿಗೆ ಖುಷಿಯಾಗುತ್ತದೆ.

"ಖುಷಿ ಆಗಲ್ಲ," ಅಂದ. "ಬೈಸ್ಕೊಳ್ಳೋದು ಯಾರಿಗೋ ಖುಷಿ? ನೀನೊಂದ್ಸಲ ಬೈಸ್ಕೊಂಡು ನೋಡು."

ಅಂತ್ಯ ಎರಡು: ಹೊಸ ತುಣುಕಿನಲ್ಲಿ ಕ್ಯಾನ್ಸರ್ ಸಿಗುತ್ತದೆ. ಮೊದಲ ರಿಪೋರ್ಟು ತಪ್ಪು ದಾರಿಯಲ್ಲಿ ನಡೆದು ಸರಿಯಾದ ಊರು ತಲುಪಿರುತ್ತದೆ. ತಪ್ಪು ಸರಿಗಳ ಬಗ್ಗೆ ಅರ್ಧ ಪುಟ ತತ್ತ್ವ.

"ತತ್ತ್ವ ತೆಗಿ. ಕ್ಯಾನ್ಸರಾದ್ರೂ ಇರ್ಲಿ, ತತ್ತ್ವ ಬೇಡ."

ಅಂತ್ಯ ಮೂರರಲ್ಲಿ ಅವನು ನನ್ನನ್ನು ಕ್ಷಮಿಸಿ ಅಪ್ಪಿಕೊಳ್ಳುತ್ತಾನೆ. ಅದನ್ನು ಕೊನೆಯ ತನಕ ಓದಿದ. ಹಾಳೆಯನ್ನು ಸಣ್ಣಗೆ ಮಡಚಿ ನನ್ನ ಕೋಟಿನ ಜೇಬಿಗೆ ತುರುಕಿದ. ನಾನು ಕ್ಷಮೆ ಕೇಳಿಯೇ ಇಲ್ಲ ಎಂಬುದು ಆಗ ಹೊಳೆಯಿತು. ಬರೆದಿದ್ದೆ, ಅಷ್ಟೇ. ಕೇಳಿದೆ. ಕೆಟ್ಟ ಮಾತುಗಳಲ್ಲಿ, ತೊದಲುತ್ತ, ಅಲ್ಪವಿರಾಮ ಕೂಡ ಸರಿಯಾಗಿ ಬೀಳಲಿಲ್ಲ.

"ಹೂಂ," ಅಂದ ವಿಲ್ಮಾರ್. ಕ್ಷಮಿಸಿದನೋ ಇಲ್ಲವೋ ಹೇಳಲಿಲ್ಲ. ರಿಂಗಿನ ಮೇಲೆ ಸರಿದು ಕೂತು, "ಈ ಕಥೆ ಅಚ್ಚು ಹಾಕಿಸ್ತೀಯೇನೋ?"

"ಹಾಕಿಸೋಣ ಅಂತ."

"ನನ್ನ ಹೆಸರು ಇಟ್ಕೋ. ಗೋಡೆ ಕಡೆ ಮುಖ ಮಾಡಿದ್ದು ಬರ್ಕೋ. ಚೀಲ ಗೀಲ ಎಲ್ಲ ಬರ್ಕೋ. ಮೂವತ್ತು ವರ್ಷದಿಂದ ನನ್ನ ಕುಂಡೆ ಈ ಊರಿನ ಆಸ್ತಿ. ಅಂಗಡೀಲಿ ಬ್ರೆಡ್ ತಗೊಳ್ಳುವಾಗ್ಲೂ ಅದ್ರ ಬಗ್ಗೆ ಮಾತಾಡ್ತಾರೆ. ಆದ್ರೆ ಈಗ ಒಳಗೆ ಏನು ಬರುತ್ತಲ್ಲ, ಅದನ್ನ ಬರೀಬೇಡ. ಅದೊಂದು ನಂಗಿರ್ಲಿ."

"ಓದೋರು ಬೈತಾರೆ ದೊನ್ ವಿಲ್ಮಾರ್. ಕಥೆ ಮುಗೀದೇ ಇದ್ದಂಗಾಗುತ್ತೆ."

"ಬೈಲಿ. ಅಭ್ಯಾಸ ಆಗುತ್ತೆ ನಿಂಗೆ."

ಒಳಗಿಂದ ಡಾಕ್ಟರಮ್ಮ ಕರೆದರು. ಹೆಡ್‌ಫೋನ್ ಹಾಕಿಕೊಂಡೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡಿದೆ. ಒಂದು ಕಡೆ ಅದೇ ಪದ ಎರಡು ಸಲ ಬಂತು, ಬಿಟ್ಟೆ. ಮೇಲಿನ ಲೆಕ್ಕವನ್ನೂ ಕೆಳಗಿನ ಲೆಕ್ಕವನ್ನೂ ಬೆರಳಿಟ್ಟು ತಾಳೆ ನೋಡಿದೆ. ಡಾಕ್ಟರಮ್ಮ ಮೊದಲ ಸಾಲಿನಿಂದ ಓದಿ ಸಹಿ ಹಾಕಿದರು. ವಿಲ್ಮಾರ್ ಕಿಟಕಿಗೆ ಬಂದು ಲಕೋಟೆ ತೆಗೆದುಕೊಂಡು, ಬಿಚ್ಚದೆ, ಬಾಗಿಲ ಕಡೆ ನಡೆದ.

ಗೊತ್ತು, ನೀವಿನ್ನೂ ನಿಂತೇ ಇದ್ದೀರಿ. ಎಲ್ಲ ಓದಿದ್ದೀರಿ, ಅವನ ಕರುಳಿನ ತುದಿಯ ತನಕ ನೋಡಿದ್ದೀರಿ, ಇದೊಂದು ಹೇಳಿಬಿಟ್ಟರೆ ಏನು ಗಂಟು ಹೋಗುತ್ತದೆ ಅನ್ನುತ್ತೀರಿ. ನಿಯಮ ಇರುವುದು ಹೀಗೆ: ರಿಪೋರ್ಟನ್ನು ರೋಗಿಯ ಕೈಗೆ ಕೊಡಬೇಕು, ಇಲ್ಲವೇ ರೋಗಿಯ ಸಹಿ ಇರುವ ಪತ್ರ ತಂದವರ ಕೈಗೆ. ನೀವು ಅವನಿಗೆ ಏನಾಗಬೇಕು? ಪತ್ರ ತಂದಿದ್ದೀರಾ?

ಇಲ್ಲವಲ್ಲ. ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಹಿಂದೆ ಜನ ಕಾಯುತ್ತಿದ್ದಾರೆ.